ಗುಂಡು ಡಬ್ಬದೊಳಗಿನ ಇಬ್ಬರು ಲಕ್ಷ್ಮಿಯರು

ಬಸವೇಶ್ವರನಗರದ ಆ ಅಡ್ಡರಸ್ತೆಯಲ್ಲಿ ಲಕ್ಷ್ಮೀಪತಿಯವರನ್ನು ಕಂಡರೆ ಹೆಂಗಸರಿಗೆ ಭಕ್ತಿ, ಗಂಡಸರಿಗೆ ಹೊಟ್ಟೆಯುರಿ. ಎರಡಕ್ಕೂ ಕಾರಣ ಅವರ ಮನೆಯ ಬೆಳ್ಳಿ. ಹಬ್ಬ ಹತ್ತಿರ ಬಂತೆಂದರೆ ಸಾಕು, "ಅವರ ಮನೆ ದೀಪದ ಕಂಬ ನೋಡಿಕೊಂಡು ಬನ್ನಿ, ಆಮೇಲೆ ನಮ್ಮದನ್ನ ನೋಡಿ" ಎಂದು ಹೆಂಡತಿಯರು ಶುರುಮಾಡುವರು. ಗಂಡಂದಿರು ಪಂಚೆ ಮೇಲಕ್ಕೆ ಕಟ್ಟಿ, ವಿಭೂತಿ ಉಂಡೆ ಹಿಡಿದು, ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂರುವರು. ಅವರು ಬೆವರಿಳಿಸಿಕೊಂಡು ತಿಕ್ಕುತ್ತಿರುವಾಗ ಲಕ್ಷ್ಮೀಪತಿಯವರು ಗೇಟಿನ ಬಳಿ ನಿಂತು, "ತಿಕ್ಕೋದೇನು ಸಾರ್, ಯಾರು ಬೇಕಾದ್ರೂ ತಿಕ್ತಾರೆ. ಇಡೋದು ಗೊತ್ತಿರಬೇಕು" ಎಂದು ಮುಗುಳ್ನಗುವರು. ಇಂಥ ಮಾತು ವರ್ಷಕ್ಕೆ ನಾಲ್ಕಾರು ಸಲ ಆಡಿದರೂ ಇವತ್ತಿನವರೆಗೆ ಅವರ ಮೇಲೆ ಯಾರೂ ಕೈ ಮಾಡಿಲ್ಲ. ನಮ್ಮ ಬಸವೇಶ್ವರನಗರದವರು ಎಷ್ಟು ಸಾಧುಗಳೆಂದು ತಿಳಿಯಲು ಬೇರೆ ಪುರಾವೆ ಬೇಕಿಲ್ಲ.

ಬೆಳ್ಳಿಯ ಈ ಸೇನಾಪತಿ ತಯಾರಾದದ್ದು ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ಅವರ ಶತ್ರು ಒಬ್ಬನೇ, ತುಕ್ಕು. ಬೋಲ್ಟಿಗೆ ಗ್ರೀಸು ಬಳಿದು, ಬೇರಿಂಗಿಗೆ ಎಣ್ಣೆ ಕಾಗದ ಸುತ್ತಿ, ಕಪಾಟುಗಳ ನಡುವೆ ಟಾರ್ಚ್ ಹಿಡಿದು ಓಡಾಡುತ್ತಾ ಅವರು ನಡೆಸಿದ ಯುದ್ಧವನ್ನು ಯಾವ ಶಾಸನವೂ ಬರೆದಿಟ್ಟಿಲ್ಲ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟರು. ಗಡಿಯಾರ ನಡುಮನೆಗೆ ಹೋಯಿತು. ಅವರು ತಮಗೆಂದು ಎತ್ತಿಕೊಂಡು ಬಂದದ್ದು ಒಂದು ಜೊತೆ ಬಿಳಿ ಹತ್ತಿ ಗ್ಲೌಸು ಮಾತ್ರ.

ಮನೆಗೆ ಬಂದ ಸೇನಾಪತಿಗೆ ಯುದ್ಧವಿಲ್ಲ. ಹೀಗಾಗಿ ಅಡುಗೆಮನೆಗೆ ದಂಡೆತ್ತಿ ಹೋದರು. ಸಾಸಿವೆ, ಮೆಂತ್ಯ, ಇಂಗು, ಉಪ್ಪು ಎಲ್ಲವನ್ನೂ ಡಬ್ಬದ ಎತ್ತರದ ಪ್ರಕಾರ ಜೋಡಿಸಿದರು. ಹೆಂಡತಿ ಪುಟ್ಟಲಕ್ಷ್ಮಿ ಒಗ್ಗರಣೆಗೆ ಎಣ್ಣೆ ಕಾಯಿಸಿ ಸಾಸಿವೆ ಹುಡುಕಲು ಹೊರಟರೆ, ಸಾಸಿವೆ ಸಿಗುವ ಹೊತ್ತಿಗೆ ಎಣ್ಣೆ ಹೊಗೆಯಾಡುತ್ತಿತ್ತು. ಒಂದು ವಾರ ಸಹಿಸಿದ ಆಕೆ, ಕೊನೆಗೆ ಬೀರುವಿನ ಮೇಲ್ಖಾನೆಯ ಬೀಗದ ಕೈಯನ್ನು ತಂದು ಗಂಡನ ಅಂಗೈಯಲ್ಲಿಟ್ಟರು.

"ರೀ, ಇನ್ಮೇಲೆ ಮನೆ ಬೆಳ್ಳಿಯೆಲ್ಲ ನಿಮ್ಮ ಜವಾಬ್ದಾರಿ. ತೆಗೆಯೋದು, ತೊಳೆಯೋದು, ಇಡೋದು ಎಲ್ಲ ನೀವೇ. ಆದ್ರೆ ಒಂದೇ ಒಂದು ಸಾಮಾನು ಅದಲು ಬದಲಾಯ್ತೋ, ಕೀ ನನಗೆ ವಾಪಸ್ಸು. ಅಡುಗೆಮನೆ ಕಡೆ ಕಾಲೂ ಇಡಂಗಿಲ್ಲ."

ಆ ಪುಟ್ಟ ಕೀಯನ್ನು ಲಕ್ಷ್ಮೀಪತಿಯವರು ರಾಜಮುದ್ರೆಯ ಹಾಗೆ ಜನಿವಾರದಷ್ಟು ಎತ್ತರದಲ್ಲಿ, ಅಂದರೆ ಜನಿವಾರವಿಲ್ಲದ ತಮ್ಮ ಎದೆಯ ಮೇಲೆ, ಕಪ್ಪು ದಾರಕ್ಕೆ ಪೋಣಿಸಿ ಹಾಕಿಕೊಂಡರು.

ಹೊಸ ಶತ್ರುವಿನ ಪರಿಚಯವೂ ಬೇಗನೆ ಆಯಿತು. ಬೆಳ್ಳಿಯನ್ನು ಕಪ್ಪು ಮಾಡುವವನು ಗಂಧಕ. ಲಕ್ಷ್ಮೀಪತಿಯವರ ಬಾಯಲ್ಲಿ ಅವನು ಗಂಧಕಾಸುರ. ಅವನು ಗಾಳಿಯಲ್ಲಿದ್ದಾನೆ, ರಬ್ಬರ್ ಬ್ಯಾಂಡಿನಲ್ಲಿದ್ದಾನೆ, ಉಣ್ಣೆಯ ಸ್ವೆಟರಿನಲ್ಲಿದ್ದಾನೆ, ದಿನಪತ್ರಿಕೆಯಲ್ಲಿದ್ದಾನೆ, ಈರುಳ್ಳಿಯಲ್ಲಿದ್ದಾನೆ, ಮೊಟ್ಟೆಯ ಹಳದಿಯಲ್ಲಂತೂ ಸಂಸಾರ ಸಮೇತ ಇದ್ದಾನೆ. ಈ ಜ್ಞಾನೋದಯವಾದ ದಿನವೇ ಪುಟ್ಟಲಕ್ಷ್ಮಿ ಲಾಗಾಯ್ತಿನಿಂದ ಬೆಳ್ಳಿ ಸುತ್ತಿಡುತ್ತಿದ್ದ ಹಳೆಯ ಪೇಪರುಗಳೆಲ್ಲ ರದ್ದಿಗೆ ಹೋದವು. ಒಗೆದು ಒಗೆದು ಮೆತ್ತಗಾದ ಪಂಚೆಗಳು ಚೌಕ ಚೌಕವಾಗಿ ಹರಿದು, ಲೋಟಕ್ಕೊಂದು, ಕುಂಕುಮದ ಬಟ್ಟಲಿಗೊಂದು ಅಂಗವಸ್ತ್ರವಾದವು. ತೇವ ಹೀರಲು ಸೀಮೆಸುಣ್ಣದ ತುಂಡುಗಳು. ಅವು ಸಾಲದೆ, ಹೊಸ ಶೂ ಡಬ್ಬದಲ್ಲಿ ಬರುತ್ತದಲ್ಲ, 'ತಿನ್ನಬೇಡಿ' ಎಂದು ಬರೆದಿರುವ ಪುಟ್ಟ ಪೊಟ್ಟಣ, ಅದು ಎಲ್ಲಿ ಸಿಕ್ಕರೂ ಬೇಕು. ನೆಂಟರ ಮನೆಗೆ ಹೋದರೆ ಕಾಫಿಗಿಂತ ಮೊದಲು, "ಇತ್ತೀಚೆಗೆ ಯಾರಾದ್ರೂ ಶೂ ತಗೊಂಡ್ರಾ?" ಎಂದು ವಿಚಾರಿಸುವರು. ನೆಂಟರು ಇದನ್ನು ಯೋಗಕ್ಷೇಮದ ಹೊಸ ಪದ್ಧತಿ ಎಂದುಕೊಂಡರು.

ಇನ್ನು ಕೋಟೆ. ಗಾಳಿಯಾಡದ ಡಬ್ಬ ಬೇಕೆಂದು ಅಂಗಡಿಯಿಂದ ಅಂಗಡಿಗೆ ಅಲೆದು, ಕೊನೆಗೆ ಕುರುಬರಹಳ್ಳಿಯ ಪಾತ್ರೆ ಅಂಗಡಿಯಲ್ಲಿ ಗೋಧಿ ಹಿಟ್ಟಿಗೆಂದು ಮಾಡಿದ ದೊಡ್ಡ ಪ್ಲಾಸ್ಟಿಕ್ ಡಬ್ಬ ಹಿಡಿದರು. ಮುಚ್ಚಳ ತಿರುಗಿಸಿ ಬಿಗಿಯುವಂಥದ್ದು. ಒಳಗೆ ನೊಣ ಹೊಕ್ಕರೂ ಉಸಿರುಕಟ್ಟಿ ಸಾಯಬೇಕು. ನೋಡಲು ದುಂಡಗೆ, ಮುದ್ದಾಗಿತ್ತು. ಆ ದುಂಡಗಿನ ವಿಚಾರಕ್ಕೆ ಈಗ ಬರಬೇಕು.

ಲಕ್ಷ್ಮೀಪತಿಯವರ ತಂಗಿ ಶಶಿಕಲಾ ಇರುವುದು ನಾಯಂಡಹಳ್ಳಿಯಲ್ಲಿ, ಗೋಡೌನುಗಳ ಹಿಂದೆ. ಮನೆ ಚೆನ್ನಾಗಿದೆ. ನೀರು, ಬಸ್ಸು, ಮೆಟ್ರೋ ಎಲ್ಲ ಉಂಟು. ಹಿಂಬದಿಯ ಕಿಟಕಿ ತೆರೆದರೆ ಮಾತ್ರ ವೃಷಭಾವತಿ. ಒಂದು ಕಾಲಕ್ಕೆ ಅದು ನದಿಯಂತೆ. ಈಗ ನೊರೆ ಹೊತ್ತು, ಕರ್ರಗೆ ಹರಿಯುವ ಅದರ ಮೇಲಿಂದ ಬರುವ ಗಾಳಿಯಲ್ಲಿ ಗಂಧಕಾಸುರ ಸಂಜೆಯ ವಾಯುವಿಹಾರ ಮಾಡುತ್ತಾನೆ. ಶಶಿಕಲಾಳ ಮನೆಯ ಬೆಳ್ಳಿ ಹಬ್ಬಕ್ಕೆ ತೊಳೆದಿಟ್ಟರೆ ಹಬ್ಬ ಮುಗಿಯುವುದರೊಳಗೆ ಮುಖ ಸಪ್ಪೆ ಮಾಡಿಕೊಳ್ಳುತ್ತದೆ. ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬ ಕಳೆದ ವಾರದಲ್ಲೇ ಆಕೆ ತನ್ನ ಬೆಳ್ಳಿ ಲಕ್ಷ್ಮಿಯ ಮುಖವನ್ನು ಟವೆಲಿನಲ್ಲಿ ಸುತ್ತಿ ತಂದು ಅಣ್ಣನ ಮುಂದಿಟ್ಟಳು.

"ಅಣ್ಣ, ಇವಳನ್ನ ನೀನೇ ಇಟ್ಕೊ. ನಮ್ಮನೇಲಿ ಇಟ್ರೆ ಬರೋ ವರ್ಷಕ್ಕೆ ಲಕ್ಷ್ಮಿ ಹೋಗಿ ಕಾಳಿ ಆಗಿರ್ತಾಳೆ. ಹಬ್ಬದ ಹೊತ್ತಿಗೆ ಕೊಡು."

ಸೇನಾಪತಿಗೆ ಇದಕ್ಕಿಂತ ದೊಡ್ಡ ಬಿರುದು ಬೇಕೇ? ತಂಗಿಯ ಲಕ್ಷ್ಮಿಯನ್ನು ತಿಕ್ಕಿ, ಒರೆಸಿ, ಪಂಚೆಯ ತುಂಡಿನಲ್ಲಿ ಸುತ್ತಿ, ತಮ್ಮ ಮನೆಯ ಲಕ್ಷ್ಮಿಯ ಪಕ್ಕದಲ್ಲೇ ಕೋಟೆಯೊಳಗೆ ಕೂರಿಸಿದರು. ಇಲ್ಲಿ ಒಂದು ಮಾತು ಹೇಳಬೇಕು. ಇವರ ತಾಯಿ ಇಂದ್ರಮ್ಮ ಬದುಕಿದ್ದಾಗ, ಮಗಳು ಸೊಸೆ ಇಬ್ಬರಲ್ಲಿ ಭೇದವೆಣಿಸಿದಳೆಂಬ ಮಾತು ಬರಬಾರದೆಂದು, ಒಂದೇ ಅಚ್ಚಿನಲ್ಲಿ ಒಂದೇ ದಿನ ಎರಡು ಮುಖ ಮಾಡಿಸಿ, ಒಂದನ್ನು ಪುಟ್ಟಲಕ್ಷ್ಮಿಗೂ ಒಂದನ್ನು ಶಶಿಕಲಾಗೂ ಕೊಟ್ಟಿದ್ದರು. ಮೂಗು, ಹುಬ್ಬು, ತುಟಿಯ ನಗು ಎಲ್ಲ ಒಂದೇ. ಇಂದ್ರಮ್ಮನ ನ್ಯಾಯ ಅಷ್ಟು ನಿಖರ.

ಜೀವಮಾನವೆಲ್ಲ ಸ್ಟೋರ್ಸಿನಲ್ಲಿ ಕಳೆದ ಮನುಷ್ಯ ಚೀಟಿ ಅಂಟಿಸದೆ ಬಿಟ್ಟಾನೆಯೇ ಎಂದು ನೀವು ಕೇಳಬಹುದು. ಅಂಟಿಸಲು ಹೊರಟಿದ್ದರು. ಆದರೆ ಚೀಟಿಯ ಹಿಂದೆ ಅಂಟು, ಅಂಟಿನೊಳಗೆ ಅಸುರ ಇರಬಹುದೆಂಬ ಅನುಮಾನ ಬಂತು. ಬರೀ ಚೀಟಿ ಇಡೋಣವೆಂದರೆ ಅದು ಕಾಗದ. ಕೊನೆಗೆ, "ನಮ್ಮದು ಎಡಗಡೆ, ಶಶಿದು ಬಲಗಡೆ" ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡು, ಮುಚ್ಚಳ ಬಿಗಿದು, ನೆಮ್ಮದಿಯಾಗಿ ನಿದ್ದೆ ಹೋದರು.

ಈ ವರ್ಷ ಹಬ್ಬದ ಶುಕ್ರವಾರಕ್ಕೆ ಮುಂಚಿನ ಮಂಗಳವಾರ ಸಂಜೆ ಗ್ಲೌಸು ತೊಟ್ಟು, ಮುಚ್ಚಳ ತಿರುಗಿಸಿದರು. ಒಳಗೆ ಎರಡು ಗಂಟು. ಎರಡನ್ನೂ ಬಿಚ್ಚಿದರು. ಇಬ್ಬರು ಲಕ್ಷ್ಮಿಯರೂ ಆಗತಾನೆ ಅಚ್ಚಿನಿಂದ ಬಂದವರಂತೆ ಫಳಫಳ ಹೊಳೆಯುತ್ತಾ ನಕ್ಕರು. ಲಕ್ಷ್ಮೀಪತಿಯವರೂ ನಕ್ಕರು. ಎಡಗಡೆಯದು ನಮ್ಮದು ಎಂದು ಕೈ ಚಾಚಿದರು. ಚಾಚಿದ ಕೈ ಅಲ್ಲೇ ನಿಂತಿತು.

ಗುಂಡಗಿನ ಡಬ್ಬಕ್ಕೆ ಎಡ ಯಾವುದು, ಬಲ ಯಾವುದು?

ವರ್ಷದಲ್ಲಿ ಎಷ್ಟು ಸಲ ಈ ಡಬ್ಬ ಕೆಳಗಿಳಿದಿದೆ, ಮೇಲೇರಿದೆ, ತಿರುಗಿದೆ! ಲಕ್ಷ್ಮೀಪತಿಯವರು ಡಬ್ಬದ ಈಚೆ ನಿಂತು ನೋಡಿದರು, ಆಚೆ ಹೋಗಿ ನೋಡಿದರು. ಈಚೆಯಿಂದ ನೋಡಿದರೆ ಇವಳು ನಮ್ಮವಳು. ಆಚೆಯಿಂದ ನೋಡಿದರೆ ಅವಳು ನಮ್ಮವಳು. ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದರು. ಇಂದ್ರಮ್ಮನ ನ್ಯಾಯ ತಕ್ಕಡಿಯಲ್ಲೂ ಸರಿಸಮ. ಇಬ್ಬರನ್ನೂ ಸೋಫಾದ ಮೇಲೆ ಕೂರಿಸಿ, ಕಣ್ಣು ಕಿರಿದು ಮಾಡಿ, ಯಾರ ನಗುವಿನಲ್ಲಿ ಬಸವೇಶ್ವರನಗರ ಕಾಣುತ್ತದೆಂದು ಹುಡುಕಿದರು. ಅಷ್ಟರಲ್ಲಿ ಪುಟ್ಟಲಕ್ಷ್ಮಿ ಬಾಳೆಕಾಯಿ ಹೆಚ್ಚುತ್ತಾ ಒಳಗಿಂದಲೇ ಕೂಗಿದರು.

"ಏನ್ರೀ ಸದ್ದೇ ಇಲ್ಲ? ಶಶಿದು ತೆಗೆದಿಟ್ರಾ? ನಾಳೆ ಕೊಟ್ಟು ಬನ್ನಿ. ನೋಡ್ಕೊಂಡು ಕೊಡಿ ಮತ್ತೆ. ನಮ್ಮನೆ ಲಕ್ಷ್ಮಿ ಹಬ್ಬದ ವಾರದಲ್ಲಿ ಹೊಸಿಲು ದಾಟಿ ಬೇರೆ ಮನೇಲಿ ಕೂತ್ರೆ ನಾನು ಸುಮ್ನಿರಲ್ಲ."

"ಛೆ, ಗೊತ್ತಾಗಲ್ವೇನೇ ನಂಗೆ?" ಎಂದರು ಲಕ್ಷ್ಮೀಪತಿ. ಎದೆಯ ಮೇಲಿನ ಕೀ ಒಂದು ಸಲ ಚುಚ್ಚಿತು. "ಅಂದ ಹಾಗೆ, ನಮ್ಮ ಲಕ್ಷ್ಮಿ ಮೂಗು ಸ್ವಲ್ಪ ಚೂಪು ಅಲ್ವಾ?"

"ಯಾಕೆ?"

"ಸುಮ್ನೆ. ಹೊಗಳೋಣ ಅಂತ."

ಒಳಗೆ ಚಾಕುವಿನ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಲಕ್ಷ್ಮೀಪತಿ ತಾರಸಿಗೆ ಹತ್ತಿ ತಂಗಿಗೆ ಫೋನು ಹಚ್ಚಿದರು. "ಶಶಿ, ನಿನ್ನ ಲಕ್ಷ್ಮಿಗೆ ಏನಾದ್ರೂ ಗುರುತು ಇತ್ತಾ?"

"ಇತ್ತಲ್ಲ. ಕಪ್ಪಗಿದ್ಲು."

"ಅದಲ್ವೇ, ಬೇರೆ?"

"ಬೇರೇನು? ಹಾಂ, ಮನೆ ಬದಲಾಯಿಸಿದ ವರ್ಷ ನಮ್ಮವರು ತುಳಿದು ಒಂದು ಕಿವಿ ಕಿತ್ತುಹಾಕಿದ್ರಲ್ಲ. ಬೆಸುಗೆ ಹಾಕಿಸಿದ್ವಿ. ಯಾಕಣ್ಣ ಕೇಳ್ತಾ ಇದೀಯ?"

"ಸುಮ್ನೆ. ನೆನಪಾಯ್ತು" ಎಂದು ಫೋನಿಟ್ಟ ಸೇನಾಪತಿ ಮೆಟ್ಟಿಲು ಹಾರಿಕೊಂಡು ಇಳಿದರು. ಭೂತಕನ್ನಡಿ ಹಿಡಿದು ನಾಲ್ಕೂ ಕಿವಿ ಪರೀಕ್ಷಿಸಿದರು. ಬೆಸುಗೆಯ ಗೆರೆ ಎಲ್ಲೂ ಇಲ್ಲ! ವರ್ಷವಿಡೀ ಮೆತ್ತನೆಯ ಪಂಚೆಯಲ್ಲಿ ತಾವೇ ಉಜ್ಜಿದ ಉಜ್ಜುವಿಕೆಯಲ್ಲಿ ಗೆರೆ ಬೆಳಕಿನೊಳಗೆ ಕರಗಿಹೋಗಿತ್ತು. ಬೆಸುಗೆಯಲ್ಲಿ ತಾಮ್ರದ ಪಾಲು ಜಾಸ್ತಿ, ಕಪ್ಪಾಗುವಾಗ ಅದೇ ಮೊದಲು ಕಪ್ಪಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅಂದರೆ ಸತ್ಯ ತಿಳಿಯಬೇಕಾದರೆ ಲಕ್ಷ್ಮಿ ಕಪ್ಪಾಗಬೇಕು. ಯಾವ ಅಸುರನನ್ನು ಕೋಟೆಯ ಹೊರಗೆ ಇಡಲು ಇಷ್ಟು ದಿನ ಹೋರಾಡಿದರೋ, ಅವನಿಗೇ ಈಗ ಆರತಿ ಎತ್ತಿ ಒಳಗೆ ಕರೆಯಬೇಕು.

ಬೇಗ ಕಪ್ಪಾಗಲು ಬೇಯಿಸಿದ ಮೊಟ್ಟೆಗಿಂತ ಬೇರೆ ಉಪಾಯವಿಲ್ಲ. ಲಕ್ಷ್ಮಿಯ ಜೊತೆಗೆ ಒಂದೇ ಡಬ್ಬದಲ್ಲಿ ಇಟ್ಟರೆ ಬೆಳಗಾಗುವುದರೊಳಗೆ... ಅಲ್ಲಿಗೆ ಯೋಚನೆ ಬಂದದ್ದೇ ತಡ, ಲಕ್ಷ್ಮೀಪತಿಯವರು ಎರಡೂ ಕೆನ್ನೆ ಬಡಿದುಕೊಂಡರು. ಶ್ರಾವಣ ಮಾಸ! ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವ ಹಾಗಿಲ್ಲ. ಎತ್ತಿದರೂ, ವರಮಹಾಲಕ್ಷ್ಮಿಯನ್ನು ಮೊಟ್ಟೆಯ ಪಕ್ಕ ಕೂರಿಸಿದವನೆಂದು ಮೇಲೆ ಹೋದ ಮೇಲೆ ಚಿತ್ರಗುಪ್ತನಿಗೆ ಯಾವ ಮುಖ ತೋರಿಸುವುದು? ಈರುಳ್ಳಿಗೂ ಶ್ರಾವಣದ ತಕರಾರು. ರಬ್ಬರ್ ಬ್ಯಾಂಡಿಗೆ ತಿಂಗಳುಗಟ್ಟಲೆ ಬೇಕು. ಹೀಗೆ ತಲೆ ಕೆರೆದುಕೊಳ್ಳುತ್ತಿರುವಾಗ ನಾಯಂಡಹಳ್ಳಿಯ ಹಿಂಬದಿಯ ಕಿಟಕಿ ಅವರ ಕಣ್ಣಮುಂದೆ ತಾನಾಗಿ ತೆರೆದುಕೊಂಡಿತು.

ಬುಧವಾರ ತಿಂಡಿ ಮುಗಿಸಿ, ಇಬ್ಬರು ಲಕ್ಷ್ಮಿಯರನ್ನೂ ಚೀಲಕ್ಕೆ ಹಾಕಿಕೊಂಡು ಹೊರಟರು. ಹೆಂಡತಿಗೆ ಹೇಳಿದ್ದು, "ಶಶಿದು ಕೊಟ್ಟು ಬರ್ತೀನಿ." ಸುಳ್ಳೇನಲ್ಲ, ಒಂದು ಲಕ್ಷ್ಮಿಯಷ್ಟು ನಿಜ. ವಿಜಯನಗರದ ಮೆಟ್ರೋ ನಿಲ್ದಾಣದಲ್ಲಿ ಚೀಲವನ್ನು ಯಂತ್ರದ ಬಾಯಿಗೆ ಹಾಕಿದರು. ಪರದೆಯ ಮುಂದೆ ಕೂತಿದ್ದ ಹುಡುಗಿ ಬೆಚ್ಚಿ ಎದ್ದುನಿಂತಳು. ಎದೆಯ ಮೇಲೆ ರಾಗಿಣಿ ಎಂಬ ಹೆಸರಿನ ಪಟ್ಟಿ.

"ಸಾರ್, ಬ್ಯಾಗ್ ಓಪನ್ ಮಾಡಿ. ಒಳಗೆ ಎರಡು ತಲೆ ಕಾಣ್ತಾ ಇದೆ!"

"ದೇವರು ಕಣಮ್ಮ" ಎಂದು ಪಂಚೆಯ ತುಂಡು ಸರಿಸಿ ತೋರಿಸಿದರು. "ಒಬ್ಬಳು ನಮ್ಮನೆಯವಳು, ಒಬ್ಬಳು ನನ್ನ ತಂಗಿ ಮನೆಯವಳು."

"ಅಯ್ಯೋ ಎಷ್ಟು ಚೆನ್ನಾಗಿದಾರೆ. ನಿಮ್ಮನೇದು ಯಾವ್ದು ಸಾರ್?"

ಲೋಕದಲ್ಲಿ ಎಷ್ಟೊಂದು ಪ್ರಶ್ನೆಗಳಿವೆ. ಆ ಹುಡುಗಿಗೆ ಇದೇ ಸಿಗಬೇಕೇ?

"ಅದು ಗೊತ್ತಾಗ್ಲಿ ಅಂತಾನೇ ಹೋಗ್ತಾ ಇದೀನಮ್ಮ."

ರಾಗಿಣಿಯ ಮುಖದ ಭಕ್ತಿ ಇಳಿದು ಡ್ಯೂಟಿ ಏರಿತು. "ಅಂದ್ರೆ? ಇದ್ರಲ್ಲಿ ಒಂದು ನಿಮ್ದಲ್ಲ, ಯಾವ್ದು ನಿಮ್ದಲ್ಲ ಅಂತ ನಿಮಗೂ ಗೊತ್ತಿಲ್ಲ. ಹಂಗಾ?"

ಹಿಂದಿನ ಸಾಲಿನಿಂದ ಒಬ್ಬ ತರುಣ, "ಅಂಕಲ್, ಬೇಗ ಮ್ಯಾಟ್ರು ಸೆಟ್ಲ್ ಮಾಡ್ಕೊಳ್ಳಿ, ಟ್ರೈನ್ ಬಂತು" ಎಂದ. ಲಕ್ಷ್ಮೀಪತಿಯವರು ಗುಂಡು ಡಬ್ಬದಿಂದ ಶುರುಮಾಡಿ ಇಡೀ ಕಥೆ ಹೇಳಿದರು. ಕೇಳುತ್ತಾ ಕೇಳುತ್ತಾ ರಾಗಿಣಿಯ ಕಣ್ಣುಗಳು ಡಬ್ಬದಷ್ಟೇ ದುಂಡಗಾದವು. ಇಷ್ಟು ದಡ್ಡ ಕಥೆಯನ್ನು ಕಳ್ಳನಾದವನು ಕಟ್ಟಲಾರನೆಂದು ತೀರ್ಮಾನಿಸಿ, ಇಬ್ಬರಿಗೂ ಕೈಮುಗಿದು, "ಹೋಗಿ ಬನ್ನಿ ಸಾರ್. ಒಳ್ಳೇದಾಗ್ಲಿ" ಎಂದು ಬಿಟ್ಟಳು.

ಶಶಿಕಲಾ ಮನೆಯಲ್ಲಿ ಹಬ್ಬದ ಕೆಲಸ ನಡುಮನೆ ತುಂಬಿತ್ತು. ಅಣ್ಣನನ್ನು ಕಂಡವಳು ಕೈ ಚಾಚಿದಳು. "ಕೊಡು, ಎಲ್ಲಿ ನನ್ನ ಲಕ್ಷ್ಮಿ?"

"ಇರು, ಪ್ರಯಾಣ ಮಾಡಿ ಬಂದಿದಾಳೆ. ಸ್ವಲ್ಪ ಗಾಳಿಗೆ ಇಡ್ತೀನಿ."

"ಈ ಮನೆ ಗಾಳಿಗಾ?" ಎಂದು ಅವಳು ನಗುವಷ್ಟರಲ್ಲಿ ಅವರು ಹಿಂದಿನ ಯುಟಿಲಿಟಿಗೆ ನುಗ್ಗಿ ಬಾಗಿಲೆಳೆದುಕೊಂಡರು. ಬಟ್ಟೆ ಒಗೆಯುವ ಯಂತ್ರದ ಮೇಲೆ ಇಬ್ಬರನ್ನೂ ಪಕ್ಕಪಕ್ಕ ಕೂರಿಸಿದರು. ಕಿಟಕಿಯ ಚಿಲಕ ಹಿಡಿದು ಇಬ್ಬರಲ್ಲೂ ಮನಸ್ಸಿನಲ್ಲೇ ಕ್ಷಮೆ ಕೇಳಿದರು. ವೈರಿಗೆ ತಾನೇ ಕೋಟೆಯ ಬಾಗಿಲು ತೆರೆದ ಸೇನಾಪತಿ ಲೋಕದಲ್ಲಿ ಇವರೊಬ್ಬರೇ ಇರಬೇಕು. ಚಿಲಕ ಸರಿಯಿತು. ವೃಷಭಾವತಿ ಭುಸ್ಸೆಂದು ಒಳಗೆ ಬಂದಳು. ಲಕ್ಷ್ಮೀಪತಿಯವರು ಒಂದು ಕೈಯಲ್ಲಿ ಮೂಗು, ಒಂದು ಕೈಯಲ್ಲಿ ಎದೆಯ ಕೀ ಹಿಡಿದುಕೊಂಡು, ತಿರುಗಿಸಿಟ್ಟ ಬಕೆಟ್ಟಿನ ಮೇಲೆ ಕೂತು ಕಾವಲು ಕಾದರು.

ಮೋಡ ಕವಿದ, ಜಿಗುಟು ಹವೆಯ ದಿನ. ಅಸುರ ಉತ್ಸಾಹದಲ್ಲಿದ್ದ. ಹೊತ್ತು ಏರುತ್ತಿದ್ದ ಹಾಗೆ ಬೆಳ್ಳಿಗೆ ಮೊದಲು ಜೇನಿನ ಬಣ್ಣ, ಆಮೇಲೆ ಕಾಫಿಯ ಬಣ್ಣ ಬಂತು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಲಕ್ಷ್ಮಿಯ ಕಿವಿಯ ಬುಡದಲ್ಲಿ ಪೆನ್ಸಿಲಿನಲ್ಲಿ ಎಳೆದಂತೆ ಒಂದು ಕಪ್ಪು ಗೆರೆ ಮೂಡಿತು. ಬೆಸುಗೆ! ಲಕ್ಷ್ಮೀಪತಿಯವರು ಬಕೆಟ್ಟಿನಿಂದ ಎದ್ದು, ಆ ಇಕ್ಕಟ್ಟಿನಲ್ಲಿ ಸಾಧ್ಯವಾದಷ್ಟು ಕುಣಿದರು. ಸದ್ದಿಗೆ ಬಾಗಿಲು ತಳ್ಳಿ ಬಂದ ಶಶಿಕಲಾ ಕಿಟಕಿ ನೋಡಿದಳು, ಕುಣಿಯುತ್ತಿರುವ ಅಣ್ಣನನ್ನು ನೋಡಿದಳು, ಕಪ್ಪಡರಿದ ಎರಡು ಮುಖ ನೋಡಿದಳು.

"ಅಣ್ಣಾ! ಇದೇನೋ ಇದು? ಎರಡನ್ನೂ ಹಾಳು ಮಾಡಿದ್ಯಲ್ಲೋ! ಅತ್ತಿಗೇದನ್ನ ಯಾಕೆ ತಂದೆ?"

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ಕೇಳಿ ಮುಗಿಸಿದ ಶಶಿಕಲಾ ಸೆರಗು ಬಾಯಿಗಿಟ್ಟುಕೊಂಡು ಕೆಳಗೆ ಕೂತುಬಿಟ್ಟಳು. ಅಳುತ್ತಿದ್ದಾಳೆಂದು ಲಕ್ಷ್ಮೀಪತಿ ಗಾಬರಿಯಾದರು. ನಗುತ್ತಿದ್ದಳು.

"ಇಟ್ಟ ಹೆಸರು ಲಕ್ಷ್ಮೀಪತಿ. ನಿಮ್ಮನೆ ಲಕ್ಷ್ಮಿ ಯಾವಳು ಅಂತ ಗೊತ್ತಿಲ್ಲ!"

"ನಗು, ನಗು. ಈಗ ಗೊತ್ತಾಯ್ತಲ್ಲ. ನೋಡು, ಈ ಕಿವಿ. ಇವಳೇ ನಿನ್ನವಳು."

ಶಶಿಕಲಾ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು. ಪಕ್ಕದವಳನ್ನೂ ನೋಡಿದಳು. "ಅಣ್ಣ, ಇವಳಿಗೂ ಇದೆಯಲ್ಲೋ ಗೆರೆ. ಈ ಕಡೆ ಕಿವೀಲಿ."

ಲಕ್ಷ್ಮೀಪತಿಯವರಿಗೆ ವೃಷಭಾವತಿಯ ವಾಸನೆ ಆಗ ನೆತ್ತಿಗೇರಿತು. ಇಬ್ಬರಿಗೂ ಬೆಸುಗೆ! ಒಬ್ಬಳಿಗೆ ಬಲಗಿವಿಯಲ್ಲಿ, ಇನ್ನೊಬ್ಬಳಿಗೆ ಎಡಗಿವಿಯಲ್ಲಿ. ತಮ್ಮ ಮನೆಯ ಲಕ್ಷ್ಮಿಯ ಕಿವಿ ಯಾವ ಕಾಲಕ್ಕೂ ಮುರಿದದ್ದಿಲ್ಲ. ಹಾಗಿದ್ದರೆ ಎರಡೂ ಶಶಿಯವೇ? ತಮ್ಮದು ಎಲ್ಲಿ ಹೋಯಿತು? ಅಥವಾ ಕಪ್ಪಾಗುವುದು ಅಂಟುರೋಗವೇ?

ಅಷ್ಟರಲ್ಲಿ ಶಶಿಕಲಾಳ ಗಂಡ ಗಿರಿರಾಜ್ ಊಟಕ್ಕೆ ಬಂದ. ಪಕ್ಕದ ರಸ್ತೆಯ ಗೋಡೌನಿನಲ್ಲಿ ಅವನು ಸೂಪರ್‌ವೈಸರ್. ಅವನನ್ನು ಬಾಗಿಲಲ್ಲೇ ತಡೆದು ವಿಚಾರಣೆ ಶುರುವಾಯಿತು.

"ರೀ, ನೀವು ತುಳಿದಿದ್ದು ಎಡಗಿವಿನೋ ಬಲಗಿವಿನೋ?"

"ಅಯ್ಯೋ, ಇನ್ನೂ ಬಿಟ್ಟಿಲ್ವಾ ನೀನು ಆ ವಿಷ್ಯ? ಪ್ರತಿ ಹಬ್ಬಕ್ಕೂ ಅದನ್ನೇ ಎತ್ತಿ..."

"ಹೇಳ್ರೀ ಮೊದಲು."

ಗಿರಿರಾಜ್ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. "ಎಡಗಾಲಲ್ಲಿ ತುಳಿದೆ. ಅದು ಗ್ಯಾರಂಟಿ. ಹೆಬ್ಬೆರಳಿಗೆ ಗಾಯ ಆಗಿತ್ತು."

"ಕಾಲು ಯಾರು ಕೇಳಿದ್ರು? ಕಿವಿ!"

"ಎಡಗಾಲಂದ್ರೆ ಎಡಗಿವಿನೇ ಇರಬೇಕು. ಅಲ್ಲ, ಅವಳು ನನ್ನ ಎದುರಿಗೆ ಇದ್ಲಲ್ಲ, ಆಗ ಅದು ಬಲಗಿವಿ ಆಗುತ್ತೆ. ಬೋರಲು ಬಿದ್ದಿದ್ರೆ ಮತ್ತೆ ಎಡ. ಭಾವ, ಸುಮ್ನೆ ಹೂ ಪ್ರಸಾದ ಕೇಳಿಬಿಡೋಣ. ಬಲಕ್ಕೆ ಬಿದ್ರೆ ಇವಳು ನಮ್ಮವಳು, ಎಡಕ್ಕೆ ಬಿದ್ರೆ ನಿಮ್ಮವಳು."

ಬೇರೆ ದಾರಿ ಕಾಣದೆ ಒಬ್ಬ ಲಕ್ಷ್ಮಿಯನ್ನು ಎತ್ತಿ ತಂದು ಮಣೆಯ ಮೇಲಿಟ್ಟು, ನೆತ್ತಿಗೆ ಒಂದು ಸೇವಂತಿಗೆ ಏರಿಸಿ ಮೂವರೂ ಕೈಮುಗಿದು ನಿಂತರು. ಹೂ ಅಲುಗಾಡಿತು, ಜಾರಿತು, ಒಂದು ಪಕ್ಕಕ್ಕೆ ಬಿತ್ತು.

"ಬಲ!" ಎಂದ ಗಿರಿರಾಜ್.

"ದೇವಿಗೆ ಅದು ಎಡ ಕಣ್ರೀ" ಎಂದಳು ಶಶಿಕಲಾ.

"ಪ್ರಸಾದ ಕೇಳಿದ್ದು ನಾವು. ನಮ್ಮ ಬಲ."

"ಕೊಟ್ಟಿದ್ದು ಅವಳು. ಅವಳ ಬಲ."

ಗಂಡಹೆಂಡಿರ ನಡುವೆ ಲಕ್ಷ್ಮೀಪತಿಯವರು ಎಡಬಲಕ್ಕೆ ತಲೆಯಾಡಿಸುತ್ತಾ ನಿಂತಿರುವಾಗ ಬಾಗಿಲಲ್ಲಿ ಪುಟ್ಟಲಕ್ಷ್ಮಿ ಕಾಣಿಸಿಕೊಂಡರು. ಬೆಳಗಿನ ಗಡಿಬಿಡಿಯಲ್ಲಿ ಲಕ್ಷ್ಮೀಪತಿ ಬೀರುವಿಗೆ ಬೀಗ ಹಾಕುವುದನ್ನೇ ಮರೆತಿದ್ದರು. ಆಕೆ ಕುಂಕುಮದ ಬಟ್ಟಲು ತೆಗೆಯಲು ಅಡ್ಡವಿದ್ದ ಡಬ್ಬ ಎತ್ತಿದರೆ ಹಗುರ. ಒಳಗೆ ಒಬ್ಬ ಲಕ್ಷ್ಮಿಯೂ ಇಲ್ಲ. ಸೀದಾ ಮೆಟ್ರೋ ಹತ್ತಿ ಬಂದಿದ್ದರು. ಮಣೆಯ ಮೇಲಿನ ಕಪ್ಪು ಮುಖವನ್ನು ನೋಡಿ, ಗಂಡನ ಮುಂದೆ ಅಂ‌ಗೈ ಚಾಚಿದರು. ಅಷ್ಟೇ.

ಲಕ್ಷ್ಮೀಪತಿಯವರು ಕತ್ತಿನ ದಾರ ತೆಗೆದು ಕೀಯನ್ನು ಆ ಅಂಗೈಯಲ್ಲಿಟ್ಟರು. ರಾಜ್ಯ ಕಳೆದುಕೊಂಡವರ ಮುಖ ಹೇಗಿರುತ್ತದೆಂದು ಕಥೆಗಳಲ್ಲಿ ಓದಿದ್ದ ಗಿರಿರಾಜ್ ಅವತ್ತು ಕಣ್ಣಾರೆ ಕಂಡ.

"ಡಬ್ಬ ಗುಂಡಗಿತ್ತು ಕಣೇ" ಎಂದರು ಕ್ಷೀಣವಾಗಿ.

"ನಿಮ್ಮ ತಲೆ!" ಎಂದರು ಪುಟ್ಟಲಕ್ಷ್ಮಿ. ಕೀಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ನಿವೃತ್ತಿ ಆದ್ಮೇಲೆ ಇದೊಂದು ಕೆಲಸ ಸರಿಯಾಗಿ ಮಾಡ್ತೀರಾ ಅಂತ ಊರಿಗೆಲ್ಲ ಹೇಳ್ಕೊಂಡು ಓಡಾಡಿದೆ ನಾನು. ಇನ್ನೊಂದೆಲ್ಲಿ?"

ಶಶಿಕಲಾ ಯುಟಿಲಿಟಿಯಿಂದ ಎರಡನೆಯವಳನ್ನು ತಂದಳು. "ಅತ್ತಿಗೆ, ಅಣ್ಣನ್ನ ಬೈಬೇಡಿ. ನನ್ನವಳ ಬೆಸುಗೆ ಕಂಡರೆ ಗೊತ್ತಾಗುತ್ತೆ ಅಂತ ಕಪ್ಪು ಮಾಡಿದಾನೆ. ವಿಚಿತ್ರ ಏನಂದ್ರೆ, ಇಬ್ಬರಿಗೂ ಬೆಸುಗೆ ಇದೆ. ನಿಮ್ಮವಳ ಕಿವಿ ಯಾವತ್ತೂ ಮುರಿದಿಲ್ವಲ್ಲ?"

ಅಲ್ಲಿಯವರೆಗೆ ಉರಿಯುತ್ತಿದ್ದ ಪುಟ್ಟಲಕ್ಷ್ಮಿಯ ಮುಖ ಈಗ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಯೋಚಿಸುವವರ ಮುಖದಂತಾಯಿತು. ಲಕ್ಷ್ಮೀಪತಿಯವರು ಮದುವೆಯಾದಾಗಿನಿಂದ ಆ ಮುಖವನ್ನು ನೋಡಿರಲಿಲ್ಲ.

"ಅತ್ತಿಗೆ?"

"ಬಲಗಿವಿ ಕಪ್ಪಾಗಿರೋಳು ನಮ್ಮವಳು" ಎಂದರು ಪುಟ್ಟಲಕ್ಷ್ಮಿ ನೆಲ ನೋಡುತ್ತಾ. "ದೇವಿಯ ಬಲ. ನಮ್ಮ ಬಲ ಅಲ್ಲ."

ಆಕೆಯೇ ಮುಂದುವರಿಸಿದರು. "ಅತ್ತೆ ಕೊಟ್ಟ ಮಾರನೇ ವರ್ಷ. ಹುಣಸೆಹಣ್ಣು ಹಾಕಿ ತೊಳೀತಾ ಇದ್ದೆ, ಕೈ ಜಾರಿ ಒಗೆಯೋ ಕಲ್ಲಿನ ಮೇಲೆ ಬಿತ್ತು. ಕಿವಿ ಪಟ್ಟಂತ ಎಗರಿ ಮೋರಿ ಹತ್ರ ಹೋಯ್ತು. ಅತ್ತೆಗೆ ರವಿಕೆ ಬಟ್ಟೆ ತರ್ತೀನಿ ಅಂತ ಹೇಳಿ, ರಾಜಾಜಿನಗರಕ್ಕೆ ಓಡಿಹೋಗಿ ಬೆಸುಗೆ ಹಾಕಿಸ್ಕೊಂಡು ಬಂದೆ. ರವಿಕೆ ಬಟ್ಟೆ ಎಲ್ಲಿ ಅಂತ ಅವರು ಕೇಳಿದ್ದಕ್ಕೆ ಬಣ್ಣ ಹೊಂದಲಿಲ್ಲ ಅಂದೆ. ಪ್ರತಿ ವರ್ಷ ಆ ಕಡೆ ಮಲ್ಲಿಗೆ ದಂಡೆ ದಪ್ಪಗೆ ಇಳಿಬಿಡೋದು ಮತ್ಯಾಕೆ ಅಂದ್ಕೊಂಡಿದ್ರಿ?"

ಅದು ಅಲಂಕಾರದ ಹೊಸ ಶೈಲಿ ಎಂದು ಲಕ್ಷ್ಮೀಪತಿಯವರು ಅಂದುಕೊಂಡಿದ್ದರು. ರಸ್ತೆಯವರಿಗೆ ಅದನ್ನು ವಿವರಿಸಿಯೂ ಇದ್ದರು.

ಮೊದಲು ಬಾಯಿಬಿಟ್ಟವನು ಗಿರಿರಾಜ್. "ಹಾಗಾದ್ರೆ ಲಕ್ಷ್ಮಿ ಕಿವಿ ಮುರಿದವನು ನಾನೊಬ್ಬನೇ ಅಲ್ಲ!" ಅವನ ದನಿಯಲ್ಲಿ ಬಿಡುಗಡೆಯಾದ ಕೈದಿಯ ಹುರುಪಿತ್ತು. "ಶಶಿ, ಕೇಳಿಸ್ಕೊಂಡ್ಯಾ? ಅತ್ತೆ ಎದುರಿಗೆ ಎಷ್ಟು ವರ್ಷ ನನ್ನ ಮಾನ ಕಳೆದೆ ನೀನು!"

"ನೀವು ತುಳಿದ್ರಿ. ಅತ್ತಿಗೆ ಕೈ ಜಾರಿತು. ಎರಡೂ ಒಂದೇನಾ?" ಎಂದಳು ಶಶಿಕಲಾ. ಆದರೆ ಅವಳೂ ನಗುತ್ತಿದ್ದಳು. ಎಡಗಿವಿಯವಳನ್ನು ಎತ್ತಿಕೊಂಡು ನಲ್ಲಿಯ ಕಡೆ ಹೊರಟಳು. "ಅಮ್ಮನಿಗೆ ಇದೂ ಗೊತ್ತಾಗಿದ್ರೆ ಇಬ್ಬರಿಗೂ ಒಂದೇ ಅಳತೇಲಿ ಬೈತಿದ್ಲು."

ಸಂಜೆ ಮೆಟ್ರೋದಲ್ಲಿ ಗಂಡಹೆಂಡತಿ ಪಕ್ಕಪಕ್ಕ ಕೂತರು. ಚೀಲ ಪುಟ್ಟಲಕ್ಷ್ಮಿಯ ತೊಡೆಯ ಮೇಲೆ. ಲಕ್ಷ್ಮೀಪತಿಯವರ ತಲೆಯೊಳಗೆ ಲೆಕ್ಕ ಕೂಡುತ್ತಲೇ ಇರಲಿಲ್ಲ. ತಪ್ಪು ಮಾಡಿದವರು ತಾವು. ಆದರೆ ಹೆಂಡತಿಯ ತಪ್ಪಿಲ್ಲದಿದ್ದರೆ ತಮ್ಮ ತಪ್ಪು ಸರಿಹೋಗುತ್ತಿರಲಿಲ್ಲ. ಅಂದಮೇಲೆ ತಾವು ಕ್ಷಮೆ ಕೇಳಬೇಕೇ, ಕೊಡಬೇಕೇ? ಕೊಟ್ಟರೆ ಹೊಡೆತ ಬೀಳಬಹುದೇ? ಸ್ಟೋರ್ಸಿನಲ್ಲಿ ಇಂಥ ಸಂದರ್ಭಕ್ಕೆ ಯಾವ ನಿಯಮವೂ ಇರಲಿಲ್ಲ.

ಮನೆ ತಲುಪಿದ ಮೇಲೆ ಪುಟ್ಟಲಕ್ಷ್ಮಿ ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ನಡುಮನೆಗೆ ಬಂದರು. ಗಂಡ ಲಕ್ಷ್ಮಿಯ ಮುಂದೆ ವಿಭೂತಿ ಹಿಡಿದು ಕೂತಿದ್ದರು, ಮುಟ್ಟಬಹುದೋ ಬಾರದೋ ತಿಳಿಯದೆ. ಆಕೆ ಸೆರಗಿನ ಗಂಟು ಬಿಚ್ಚಿ ಕೀಯನ್ನು ತೆಗೆದು, ಎರಡು ಬೆರಳಲ್ಲಿ ಹಿಡಿದು ಒಂದು ಕ್ಷಣ ನೋಡಿದರು.

"ಆರತಿ ತಟ್ಟೆ, ದೀಪದ ಕಂಬ ಎಲ್ಲ ಇವತ್ತೇ ತೆಗೆದುಕೊಡಿ. ನಾಳೆ ನನಗೆ ಪುರುಸೊತ್ತಿರಲ್ಲ" ಎಂದು ಅವರ ಮುಂದಿಟ್ಟು ಒಳಗೆ ಹೋದರು. ಎರಡು ಹೆಜ್ಜೆ ಹೋದವರು ತಿರುಗಿ, "ಆ ಕಿವಿ ಹತ್ರ ಜೋರಾಗಿ ತಿಕ್ಕಬೇಡಿ" ಎಂದರು.

ಇದು ಕ್ಷಮೆಯೋ, ಬಾಯಿ ಮುಚ್ಚಿಸುವ ಲಂಚವೋ? ಕೇಳಿಬಿಡೋಣವೆಂದು ಲಕ್ಷ್ಮೀಪತಿಯವರು ಬಾಯಿ ತೆರೆದರು. ಒಳಗೆ ಒಗ್ಗರಣೆ ಚಟಪಟ ಸಿಡಿಯಿತು. ತೆರೆದ ಬಾಯಿಯನ್ನು ಹಾಗೇ ಮುಚ್ಚಿ, ಕೀಯನ್ನು ಕತ್ತಿಗೆ ಹಾಕಿಕೊಂಡು, ಆರತಿ ತಟ್ಟೆ ತೆಗೆಯಲು ಬೀರುವಿನ ಕಡೆ ನಡೆದರು.